ಹಿಗ್ಗಿದ ಸರಪಳಿ

ಜನವರಿಯ ಒಂದು ರಾತ್ರಿ, ಸದ್ದು ನಿಂತದ್ದರಿಂದ ಮನೆಮಂದಿಯೆಲ್ಲ ಎಚ್ಚರಾದೆವು. ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ಕಬ್ಬು ನುರಿಸುವ ಹಂಗಾಮು ಒಮ್ಮೆ ಶುರುವಾದರೆ ಕಾರ್ಖಾನೆಯ ಗುಡುಗು ಹಗಲೂ ರಾತ್ರಿ ಕಿವಿಯಲ್ಲಿರುತ್ತದೆ, ಅದರೊಳಗೇ ಉಣ್ಣುತ್ತೇವೆ, ಅದರೊಳಗೇ ಮಲಗುತ್ತೇವೆ. ಅದು ನಿಂತರೆ ಮಾತ್ರ ನಿದ್ದೆ ಹಾರುತ್ತದೆ. ಅಪ್ಪ ಎದ್ದು ಅಂಗಿ ಹಾಕಿಕೊಳ್ಳುತ್ತ ಅವ್ವನಿಗೆ ಒಂದೇ ಮಾತು ಹೇಳಿದ: "ಕ್ಯಾರಿಯರ್ ಚೈನ್ ಹೋತು."

ಕೇನ್ ಕ್ಯಾರಿಯರ್ ಅಂದರೆ ಕಬ್ಬನ್ನು ಅಂಗಳದಿಂದ ಎತ್ತಿ, ಕತ್ತರಿಸುವ ಕತ್ತಿಗಳ ಕೆಳಗೆ ಹಾಯಿಸಿ, ಗಾಣದ ಬಾಯಿಗೆ ಒಯ್ದು ಹಾಕುವ ಇಳಿಜಾರಿನ ದಾರಿ. ಎರಡೂ ಬದಿಗೆ ತೋಳಿನಷ್ಟು ದಪ್ಪದ ಸರಪಳಿ, ನಡುವೆ ಉಕ್ಕಿನ ಪಟ್ಟಿಗಳು. ಅದರಲ್ಲೊಂದು ಲಿಂಕು ತುಂಡಾಗಿತ್ತು. ಬೆಳಗಾಗುವಷ್ಟರಲ್ಲಿ ಗೇಟಿನಿಂದ ಹೊರಗೆ ಟ್ರ್ಯಾಕ್ಟರುಗಳ, ಎತ್ತಿನ ಗಾಡಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ಬೆಳೆದಿತ್ತು. ಕಡಿದ ಕಬ್ಬು ಬಿಸಿಲಿಗೆ ನಿಂತರೆ ತೂಕ ಇಳಿಯುತ್ತದೆ, ಅದರೊಳಗಿನ ಸಕ್ಕರೆಯೂ ಇಳಿಯುತ್ತದೆ. ರೈತನಿಗೆ ದುಡ್ಡು ಸಿಗುವುದು ವೇಬ್ರಿಡ್ಜಿನ ತೂಕದ ಮೇಲೆ. ಒಂದು ಲಿಂಕು ಮುರಿದದ್ದಕ್ಕೆ ಯಾವನೋ ರೈತ ತನ್ನ ಗಾಡಿಯ ನೊಗದ ಕೆಳಗೆ ಕೂತು ಎರಡು ದಿನ ಬೀಡಿ ಸೇದುತ್ತ ತನ್ನ ದುಡ್ಡು ಆರಿಹೋಗುವುದನ್ನು ನೋಡಬೇಕಾಯಿತು.

ಅಪ್ಪ ಅಲ್ಲಿ ಫಿಟ್ಟರ್. ದೀಪಾವಳಿಯ ಹೊತ್ತಿಗೇ ಅವನು ಹೇಳಿದ್ದ: "ಚೈನ್ ಹಿಗ್ಗೇದ ಸಾಹೇಬ್ರ, ಹತ್ತ್ ಲಿಂಕಿಗೆ ಎರಡೂವರಿ ಇಂಚ್ ಜಾಸ್ತಿ ಐತಿ." ಈ ಹಂಗಾಮು ಹೇಗಾದರೂ ಕಳೆಯಲಿ ಅಂತ ಉತ್ತರ ಬಂದಿತ್ತು. ಚೈನ್ ಪುಲ್ಲಿ ಹಾಕಿ ತುಂಡಾದ ಎರಡು ತುದಿಗಳನ್ನು ಎಳೆದು ಕೂಡಿಸುವಾಗ ಒಬ್ಬ ಕಲಾಸಿಯ ಎರಡು ಬೆರಳು ಹೋದವು. ಆ ಮನುಷ್ಯ ಆಮೇಲೆ ನಮ್ಮ ಮನೆಗೆ ಬಂದಾಗೆಲ್ಲ ಚಹಾದ ಬಸಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದ.

ಹಿಗ್ಗು ಅಂದರೆ ನಮಗೆಲ್ಲ ಸಂತೋಷ. ಮಗಳು ತವರಿಗೆ ಬಂದರೆ ಹಿಗ್ಗು, ಮಳೆ ಬಂದರೆ ಹಿಗ್ಗು. ಗಣಿಯಲ್ಲಿ, ಕಾರ್ಖಾನೆಯಲ್ಲಿ ಸರಪಳಿಯೊಡನೆ ಬದುಕುವವರ ಬಾಯಲ್ಲಿ ಅದೇ ಮಾತು ಅಪಾಯದ ಮುನ್ಸೂಚನೆ. ಅಲ್ಲಿ ಹಿಗ್ಗುವುದು ಉಕ್ಕಲ್ಲ. ಲಿಂಕನ್ನು ಲಿಂಕಿಗೆ ಕೂಡಿಸುವ ಪಿನ್ನು ಮತ್ತು ಆ ಪಿನ್ನು ತಿರುಗುವ ಬುಷ್ಷು ಒಂದಕ್ಕೊಂದು ತಿಕ್ಕಿ ಸವೆಯುತ್ತವೆ. ಸವೆದಷ್ಟೂ ಒಂದು ಕೀಲಿನಿಂದ ಇನ್ನೊಂದು ಕೀಲಿಗಿರುವ ಅಂತರ, ಅಂದರೆ ಪಿಚ್ಚು, ಕೂದಲೆಳೆಯಷ್ಟು ಹೆಚ್ಚುತ್ತದೆ. ಲೆಕ್ಕ ಹಾಕಿ ನೋಡಿ: 200 ಮಿಲಿಮೀಟರ್ ಪಿಚ್ಚಿನ ಸರಪಳಿ, ಹೋಗಿಬರುವ ಸುತ್ತು 80 ಮೀಟರ್ ಅಂದರೆ 400 ಲಿಂಕು. ಒಂದೊಂದು ಕೀಲು ಬರೀ ಅರ್ಧ ಮಿಲಿಮೀಟರ್ ಸವೆದರೂ ಒಟ್ಟು 200 ಮಿಲಿಮೀಟರ್, ಒಂದು ಇಡೀ ಲಿಂಕಿನಷ್ಟು ಸಡಿಲ. ಅಷ್ಟನ್ನು ಟೇಕಪ್ಪಿನ ತಿರುಪು ಬಿಗಿದು ಸರಿಮಾಡಬಹುದು. ಆದರೆ ಪಿಚ್ಚು ನೂರಕ್ಕೆ ಎರಡು, ಮೂರರಷ್ಟು ಹೆಚ್ಚಿದ ಮೇಲೆ ಯಾವ ತಿರುಪೂ ಕೆಲಸಕ್ಕೆ ಬಾರದು. ಸರಪಳಿಯನ್ನು ಓಡಿಸುವ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳ ಅಂತರ ಮೊದಲಿನಷ್ಟೇ ಇರುತ್ತದೆ, ಸರಪಳಿಯ ಹೆಜ್ಜೆ ಮಾತ್ರ ದೊಡ್ಡದಾಗಿರುತ್ತದೆ. ಲಿಂಕು ಹಲ್ಲಿನ ಬುಡದಲ್ಲಿ ಕೂರದೆ ತುದಿಗೆ ಏರುತ್ತದೆ, ಹಲ್ಲು ಕೊಕ್ಕೆಯಂತೆ ಸವೆಯುತ್ತದೆ, ಭಾರ ಹಲವು ಹಲ್ಲುಗಳಿಗೆ ಹಂಚಿಹೋಗುವ ಬದಲು ಒಂದೆರಡರ ಮೇಲೆ ಬೀಳುತ್ತದೆ. ಆಮೇಲೆ ಒಂದು ರಾತ್ರಿ ಸದ್ದು ನಿಲ್ಲುತ್ತದೆ.

ಸವೆತಕ್ಕೆ ಕಾರಣ ಭಾರವೊಂದೇ ಅಲ್ಲ. ಕಬ್ಬಿನ ರಸ ತುಸು ಆಮ್ಲೀಯ, ಕಬ್ಬಿನೊಡನೆ ಬರುವ ಹೊಲದ ಮಣ್ಣಿನಲ್ಲಿ ಮರಳಿನ ಕಣ. ಇವೆರಡೂ ಕೂಡಿ ಪಿನ್ನಿನ ಸಂದಿಗೆ ಹೊಕ್ಕರೆ ಸಾಣೆಕಲ್ಲಿನ ಕೆಲಸ ಮಾಡುತ್ತವೆ. ಕಲ್ಲಿದ್ದಲ ಗಣಿಯಲ್ಲಿ ಉಪ್ಪುನೀರು ಮತ್ತು ಕಲ್ಲಿನ ಪುಡಿ, ಸಿಮೆಂಟ್ ಕಾರ್ಖಾನೆಯಲ್ಲಿ ಕುಲುಮೆಯಲ್ಲಿ ಸುಟ್ಟ ಗಟ್ಟಿಗಳ, ಅಂದರೆ ಕ್ಲಿಂಕರಿನ, ಧೂಳು. ಸ್ಥಳ ಬೇರೆ, ಸಾಣೆ ಒಂದೇ.

ಇಂಥ ಜಾಗದಲ್ಲಿ ತಗಡು ಕತ್ತರಿಸಿ ಮಾಡಿದ ಲಿಂಕು, ಎರಕ ಹೊಯ್ದ ಲಿಂಕು ಬೇಗ ಸೋಲುವುದುಂಟು. ಬಡಿದು ಮಾಡಿದ್ದೇ ಹೆಚ್ಚು ಬಾಳುತ್ತದೆ. ಏಕೆ ಅನ್ನುವುದು ನನಗೆ ತಿಳಿದದ್ದು ಕಾರ್ಖಾನೆಯಲ್ಲಲ್ಲ, ಅಜ್ಜನ ಹೊಲದಲ್ಲಿ. ನೇಗಿಲು ಮಾಡಿಸಬೇಕಾದರೆ ಅಜ್ಜ ಬಡಿಗನೊಡನೆ ಹಳ್ಳದ ದಂಡೆಯ ಜಾಲಿ ಮರಗಳಲ್ಲಿ ತಾನಾಗಿ ಬಾಗಿದ ಕೊಂಬೆಗಾಗಿ ಅರ್ಧ ದಿನ ಹುಡುಕುತ್ತಿದ್ದ. ನೆಟ್ಟಗಿನ ದಿಮ್ಮಿಯನ್ನೇ ಬಾಗಿದ ಆಕಾರಕ್ಕೆ ಕೊರೆಯಬಾರದೇ ಅಂದರೆ ಬಡಿಗ ನಗುತ್ತಿದ್ದ. ಕೊರೆದರೆ ಮರದ ಎಳೆ ಬಾಗಿನಲ್ಲಿ ತುಂಡಾಗುತ್ತದೆ, ಮೊದಲ ಬೇರಿಗೆ ತಾಗಿದಾಗ ಅಲ್ಲೇ ಸೀಳುತ್ತದೆ. ಬಾಗಿಯೇ ಬೆಳೆದ ಕೊಂಬೆಯಲ್ಲಿ ಎಳೆಯೂ ಬಾಗಿನ ಜೊತೆಗೇ ತಿರುಗಿರುತ್ತದೆ. ಉಕ್ಕಿಗೂ ಇಂಥ ಎಳೆಯಿದೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಉಕ್ಕಿನ ತುಂಡನ್ನು ಎರಡು ಅಚ್ಚುಗಳ ನಡುವೆ ಇಟ್ಟು ಭಾರಿ ಸುತ್ತಿಗೆ ಬೀಳಿಸಿದಾಗ ಲೋಹ ಅಚ್ಚಿನ ಮೂಲೆಮೂಲೆಗೆ ಹರಿಯುತ್ತದೆ, ಅದರ ಎಳೆ ಲಿಂಕಿನ ಕಣ್ಣನ್ನು ಸುತ್ತಿಕೊಂಡು ಬರುತ್ತದೆ. ಒಳಗಿದ್ದ ಸಣ್ಣ ಪೊಳ್ಳುಗಳು ಮುಚ್ಚಿಹೋಗುತ್ತವೆ. ಊರ ಕಮ್ಮಾರ ಕುಡುಗೋಲು ಬಡಿಯುವಾಗ ಆಗುವುದೂ ಇದೇ.

ಬಡಿದರಷ್ಟೇ ಸಾಲದು. ಸವೆಯದಿರಲು ಮೈ ಗಡುಸಾಗಿರಬೇಕು, ಮುರಿಯದಿರಲು ಒಡಲು ಬಾಗಬಲ್ಲದ್ದಾಗಿರಬೇಕು. ಮ್ಯಾಂಗನೀಸ್, ಕ್ರೋಮಿಯಂ ಬೆರೆತ ಕಡಿಮೆ ಇಂಗಾಲದ ಉಕ್ಕನ್ನು 900 ಡಿಗ್ರಿಗೂ ಮೇಲೆ ಇಂಗಾಲದ ಹೊಗೆಯಲ್ಲಿ ಗಂಟೆಗಟ್ಟಲೆ ನೆನೆಸಿದರೆ ಮೇಲಿನ ಪದರಕ್ಕೆ ಇಂಗಾಲ ಇಂಗುತ್ತದೆ. ಆಮೇಲೆ ಎಣ್ಣೆಗೆ ಅದ್ದಿದರೆ ಅಷ್ಟು ಪದರ ಮಾತ್ರ ಗಾಜಿನಂತೆ ಗಡುಸು, ಒಳಗು ಹಳೆಯ ಉಕ್ಕೇ. ಮೈಯೆಲ್ಲ ಗಡುಸು ಮಾಡಿದರೆ ಇನ್ನೂ ಬಾಳಿಕೆ ಬರುತ್ತದೆ ಅಂತ ತಿಳಿಯುವುದು ದೊಡ್ಡ ತಪ್ಪು. ತೇವದ ಗಣಿಯಲ್ಲಿ ಅತಿ ಗಡುಸಾದ ಉಕ್ಕು ತುಕ್ಕು ಮತ್ತು ಎಳೆತ ಎರಡಕ್ಕೂ ಸಿಕ್ಕಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಹಿಗ್ಗುವಷ್ಟು ಸೂಚನೆಯನ್ನೂ ಕೊಡದೆ ಪಟ್ಟನೆ ಹೋಗುತ್ತದೆ.

ಸೂಚನೆ ಕೊಡದೆ ಹೋಗುವುದೇ ಸರಪಳಿಯ ಮೇಲಿದ್ದ ಹಳೆಯ ದೂರು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಬೆಳ್ಳಿ ಗಣಿಗಳಲ್ಲಿ ಅದಿರು ಎತ್ತಲು ಸೆಣಬಿನ ಹಗ್ಗ, ಕಬ್ಬಿಣದ ಸರಪಳಿ ಎರಡನ್ನೂ ಬಳಸುತ್ತಿದ್ದರು. ಸರಪಳಿಯ ಒಂದು ಕೊಂಡಿ ಹೋದರೆ ಭಾರವೆಲ್ಲ ಪಾತಾಳಕ್ಕೆ. ಕ್ಲೌಸ್ಟಾಲಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ಇದನ್ನು ನೋಡಿ ನೋಡಿ 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದ. ನಾಲ್ಕು ತಂತಿಯ ಒಂದೊಂದು ಎಳೆ, ಅಂಥ ಮೂರು ಎಳೆಗೆ ಒಂದು ಹಗ್ಗ. ಹನ್ನೆರಡರಲ್ಲಿ ಒಂದು ತಂತಿ ಹರಿದರೆ ಅದು ಕಣ್ಣಿಗೆ ಕಾಣುತ್ತದೆ, ಉಳಿದ ಹನ್ನೊಂದು ಭಾರ ಹಿಡಿದಿರುತ್ತವೆ. ಗಣಿಯ ಆಳದ ಬಾವಿಗಳಿಂದ ಸರಪಳಿ ಹಿಂದೆ ಸರಿದದ್ದು ಹಾಗೆ. 3 ಕಿಲೋಮೀಟರಿಗೂ ಆಳಕ್ಕಿಳಿದಿದ್ದ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಜನರನ್ನೂ ಅದಿರನ್ನೂ 2001ರಲ್ಲಿ ಮುಚ್ಚುವ ತನಕ ಎತ್ತಿ ಇಳಿಸಿದ್ದು ಉಕ್ಕಿನ ಹಗ್ಗವೇ. ಅಷ್ಟು ಉದ್ದದ ಸರಪಳಿಗೆ ತನ್ನ ತೂಕವೇ ಭಾರ.

ಹಾಗಿದ್ದರೂ ಗಣಿ ಸರಪಳಿಯನ್ನು ಬಿಟ್ಟಿಲ್ಲ. ಹಗ್ಗವನ್ನು ಹಲ್ಲಿನ ಚಕ್ರ ಹಿಡಿಯಲಾರದು. ಹಗ್ಗಕ್ಕೆ ಮೀಟರಿಗೊಂದರಂತೆ ಉಕ್ಕಿನ ಪಟ್ಟಿ ಬಿಗಿದು ಕಲ್ಲಿದ್ದಲ ರಾಶಿಯೊಳಗೆ ಎಳೆದರೆ ಅದು ಒಂದು ಪಾಳಿಯೂ ಬದುಕದು. ಎತ್ತುವ ಕೆಲಸ ಹಗ್ಗದ ಪಾಲಾಯಿತು, ಎಳೆಯುವ ಕೆಲಸ ಸರಪಳಿಗೇ ಉಳಿಯಿತು.

ಆ ಎಳೆತದ ಪರಮಾವಧಿ ನೋಡಬೇಕಾದರೆ ಲಾಂಗ್‌ವಾಲ್ ಕಲ್ಲಿದ್ದಲ ಗಣಿಗೆ ಹೋಗಬೇಕು. ನೆಲದಡಿಯಲ್ಲಿ ಇನ್ನೂರು ಮೀಟರಿಗೂ ಮಿಗಿಲಾಗಿ ಉದ್ದಕ್ಕೆ ಚಾಚಿದ ಕಲ್ಲಿದ್ದಲ ಗೋಡೆ. ಅದರ ಬುಡದಗುಂಟ ಉಕ್ಕಿನ ದೋಣಿಗಳನ್ನು ಒಂದಕ್ಕೊಂದು ಕೂಡಿಸಿದಂಥ ಕಾಲುವೆ. ಗೋಡೆಯನ್ನು ಕೆರೆಯುವ ಯಂತ್ರ ಆ ಕಾಲುವೆಯ ಮೇಲೆಯೇ ಅತ್ತಿಂದಿತ್ತ ಓಡುತ್ತದೆ, ಕೆರೆದ ಕಲ್ಲಿದ್ದಲು ಕಾಲುವೆಗೆ ಬೀಳುತ್ತದೆ, ಎರಡು ಸರಪಳಿಗಳ ನಡುವೆ ಬಿಗಿದ ಉಕ್ಕಿನ ಪಟ್ಟಿಗಳು ಅದನ್ನು ಗೋರಿಕೊಂಡು ಹೋಗುತ್ತವೆ. ಗೋಡೆ ಹಿಂದೆ ಸರಿದಂತೆ ಇಡೀ ಕಾಲುವೆಯನ್ನು ಹೈಡ್ರಾಲಿಕ್ ತೋಳುಗಳು ಹಾವಿನಂತೆ ಬಳುಕಿಸಿ ಮುಂದಕ್ಕೆ ದೂಡುತ್ತವೆ, ಸರಪಳಿ ಆ ಬಳುಕಿನಲ್ಲೂ ಓಡಬೇಕು. ಇಲ್ಲಿರುವುದು ಹೆಚ್ಚಾಗಿ ದುಂಡು ಕೊಂಡಿಯ ಸರಪಳಿ. ಅದರ ಕೊಂಡಿಯನ್ನು ಸರಳು ಬಾಗಿಸಿ ವಿದ್ಯುತ್ತಿನಿಂದ ಬೆಸೆದಿರುತ್ತಾರೆ. ದೊಡ್ಡ ಅಳತೆಗಳಲ್ಲಿ ಲಂಬವಾಗಿ ನಿಲ್ಲುವ ಚಪ್ಪಟೆ ಕೊಂಡಿ, ಗೋರುವ ಪಟ್ಟಿ, ತುಂಡುಗಳನ್ನು ಕೂಡಿಸುವ ಕನೆಕ್ಟರು ಇವು ಬಡಿದು ಮಾಡಿದವು.

34 ಮಿಲಿಮೀಟರ್ ದಪ್ಪ, 126 ಮಿಲಿಮೀಟರ್ ಪಿಚ್ಚಿನ ಒಂದು ಗಣಿ ಸರಪಳಿ ಮುರಿಯಬೇಕಾದರೆ 1,450 ಕಿಲೋನ್ಯೂಟನ್ ಬಲ ಬೇಕು, ಅಂದರೆ ಹತ್ತಿರ ಹತ್ತಿರ 148 ಟನ್ ಭಾರ ನೇತು ಬಿಟ್ಟಂತೆ. 250 ಮೀಟರ್ ಗೋಡೆಗೆ ಒಂದೊಂದು ಸರಪಳಿಯಲ್ಲಿ ಸುಮಾರು 4,000 ಕೊಂಡಿ, ಎರಡೂ ಸೇರಿ 8,000. ಇಷ್ಟರಲ್ಲಿ ಒಂದೇ ಒಂದು ಕೆಟ್ಟರೂ ಗಣಿ ನಿಂತಿತು. ಎರಡು ಸರಪಳಿಗಳೂ ಸರಿಸಮ ಉದ್ದವಿರಬೇಕು. ಇಲ್ಲವಾದರೆ ಪಟ್ಟಿಗಳು ಓರೆಯಾಗುತ್ತವೆ, ಗಿಡ್ಡ ಸರಪಳಿಯೊಂದೇ ಭಾರವೆಲ್ಲ ಹೊರುತ್ತದೆ. ಅದಕ್ಕೇ ತಯಾರಕರು ಅಳೆದು ಜೋಡಿ ಮಾಡಿ, ಜೋಡಿಗೊಂದು ಬಿಲ್ಲೆ ಕಟ್ಟಿ ಕಳಿಸುತ್ತಾರೆ. ಸಂತೆಯಲ್ಲಿ ಜೋಡೆತ್ತು ಕೊಳ್ಳುವವನು ಕೊಂಬು, ಎತ್ತರ, ನಡಿಗೆ ಸರಿನೋಡಿ ಕೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಬ್ಬಿನ ಕ್ಯಾರಿಯರಿನಲ್ಲೂ ಅಪ್ಪನ ನಿಯಮ ಅದೇ ಇತ್ತು: ಒಂದು ಬದಿ ಬದಲಾಯಿಸಿದರೆ ಎರಡೂ ಬದಿ ಬದಲಾಯಿಸಬೇಕು. ಹಳೇ ಸರಪಳಿಗೆ ಹೊಸ ಲಿಂಕು ತೇಪೆ ಹಾಕಬಾರದು.

ಭಾರತದಲ್ಲಿ ಯಂತ್ರದ ಆಸರೆಯ ಲಾಂಗ್‌ವಾಲ್ 1978ರಲ್ಲಿ ಧನ್‌ಬಾದ್ ಸೀಮೆಯ ಮೂನಿಡೀಹ್‌ನಲ್ಲಿ ಶುರುವಾಯಿತು. ನಮಗೆ ಹತ್ತಿರದ್ದು ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಅಡ್ರಿಯಾಲ, ಸಿಂಗರೇಣಿ ಕಂಪನಿಯದು. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನಲ್ಲಿ ಸಿಂಗರೇಣಿಯದೂ ಇದೆ. ಅದರಲ್ಲಿ ಬಹುಪಾಲು ತೆರೆದ ಗಣಿಗಳದ್ದು, ನಿಜ. ಆದರೂ ನಮ್ಮ ಮನೆಯ ದೀಪದ ಹಿಂದೆ ಎಲ್ಲೋ ಒಂದು ಸರಪಳಿ ಕತ್ತಲಲ್ಲಿ ತಿಕ್ಕುತ್ತಿರುತ್ತದೆ ಅನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ನೆಲದಡಿ ಇಂಥ ಸರಪಳಿ ತುಂಡಾದಾಗ ಅದನ್ನು ಎಳೆದು ಬಿಗಿದು ಕೂಡಿಸುವುದು ಗಣಿಯ ಅತಿ ಅಪಾಯದ ಕೆಲಸಗಳಲ್ಲೊಂದು. ಬಿಗಿದ ಸರಪಳಿಯಲ್ಲಿ ಬಿಲ್ಲಿನ ಹೆದೆಯಲ್ಲಿರುವಂತೆ ಬಲ ಅಡಗಿರುತ್ತದೆ, ಬಿಟ್ಟರೆ ಎತ್ತ ಹಾರುತ್ತದೋ ಹೇಳಲಾಗದು. ಹಿಂದೆ ಕೆರೆಯುವ ಯಂತ್ರವೂ ಗೋಡೆಯುದ್ದಕ್ಕೆ ಬಿಗಿದ ಸರಪಳಿಯನ್ನು ಹಿಡಿದೇ ಓಡುತ್ತಿತ್ತು. ಅದು ಹರಿದು ಕಾರ್ಮಿಕರಿಗೆ ಬಡಿಯುತ್ತದೆ ಅನ್ನುವ ಕಾರಣಕ್ಕೇ ಅಲ್ಲಿ ಸರಪಳಿ ತೆಗೆದು ಹಲ್ಲುಪಟ್ಟಿ ತಂದರು. ಸರಪಳಿಯನ್ನು ಎಲ್ಲಿ ಬಿಡಬೇಕು ಅನ್ನುವುದೂ ಒಂದು ವಿದ್ಯೆ.

ಕಲಬುರಗಿ ಕಡೆಯ ಸಿಮೆಂಟ್ ಸೀಮೆಗೆ, ವಾಡಿ, ಮಳಖೇಡ, ಸೇಡಂಗೆ ಹೋದರೆ ಸರಪಳಿಯ ಇನ್ನೊಂದು ರೂಪ ಕಾಣಬಹುದು. ಕುಲುಮೆಯಿಂದ ಬಂದ ಕ್ಲಿಂಕರ್ ಕೂಲರ್ ದಾಟಿದ ಮೇಲೂ ನೂರು ಡಿಗ್ರಿಗಿಂತ ಬಿಸಿಯಿರುತ್ತದೆ, ಮೊನಚಿರುತ್ತದೆ. ಸಾಮಾನ್ಯ ರಬ್ಬರ್ ಬೆಲ್ಟು ಅದನ್ನು ತಾಳದು. ಉಕ್ಕಿನ ತಟ್ಟೆಗಳನ್ನೋ ಬಕೆಟ್ಟುಗಳನ್ನೋ ಹೊತ್ತ ಸರಪಳಿಯೇ ಅದನ್ನು ಸೈಲೋಗೆ ಏರಿಸಬೇಕು.

ಅಪ್ಪನ ಪೆಟ್ಟಿಗೆಯಲ್ಲಿ ಒಂದು ಲಿಂಕಿತ್ತು, ಈಗ ನನ್ನ ಮೇಜಿನ ಮೇಲಿದೆ. ಅದರ ಮೇಲೆ ಉಬ್ಬಿದ ಅಂಕಿ 458. ರಿವೆಟ್ಟಿಲ್ಲದ ಸರಪಳಿಯ ನಡುಲಿಂಕು ಅದು. ಮೊದಲ ಅಂಕಿ ಪಿಚ್ಚು, ನಾಲ್ಕು ಇಂಚು. ಉಳಿದೆರಡು ಪಿನ್ನಿನ ದಪ್ಪ, ಇಂಚಿನ ಎಂಟರಲ್ಲಿ ಐದು ಪಾಲು, ವರ್ಕ್‌ಶಾಪಿನ ಬಾಯಲ್ಲಿ ಐದು ಸೂತು. 348 ಅಂದರೆ ಮೂರಿಂಚು, ನಾಲ್ಕು ಸೂತು. 678 ಅಂದರೆ ಆರಿಂಚು, ಏಳು ಸೂತು. ಈ ಸರಪಳಿ ಬಿಚ್ಚಲು ಪಾನಾ ಬೇಡ, ಸುತ್ತಿಗೆ ಬೇಡ. ಎರಡು ಲಿಂಕು ಒತ್ತಿ ಸಡಿಲ ಮಾಡಿ, ಇಂಗ್ಲಿಷಿನ ಟೀ ಅಕ್ಷರದಂಥ ತಲೆಯ ಪಿನ್ನನ್ನು ಸರಿಸಿ ಕಾಲು ಸುತ್ತು ತಿರುಗಿಸಿದರೆ ಕೈಗೇ ಬಂತು. ಎಳೆತ ಇರುವಷ್ಟು ಹೊತ್ತು ತಲೆ ತನ್ನ ಗೂಡಿನಲ್ಲಿ ಕೂತಿರುತ್ತದೆ, ತಿರುಗಲು ಬಿಡುವುದಿಲ್ಲ. ಗಣಿಯ ಗೋರುವ ಕನ್ವೇಯರುಗಳಲ್ಲೂ ಕಾರು ಕಾರ್ಖಾನೆಗಳ ಬಣ್ಣದ ಕೋಣೆಯ ಮೇಲ್ಸಾಲುಗಳಲ್ಲೂ ಇದು ಓಡುತ್ತದೆ. ಕಮ್ಮಾರನಿಗಾಗಿ ಕಾಯದೆ ಹೊಲದಲ್ಲೇ ಲಿಂಕು ಬದಲಿಸುವಂತಿರಬೇಕು ಅನ್ನುವ ಯೋಚನೆ ಹಳೆಯದು. ಅಮೆರಿಕದ ಅಯೋವಾದ ವಿಲಿಯಂ ಯುವರ್ಟ್ 1874ರಲ್ಲಿ ಪೇಟೆಂಟ್ ಪಡೆದ ಬಿಚ್ಚುವ ಸರಪಳಿ ಕೊಯ್ಲಿನ ಯಂತ್ರಗಳಿಗಾಗಿ ಹುಟ್ಟಿದ್ದು, ಆಮೇಲೆ ಕನ್ವೇಯರುಗಳಿಗೆ ಹಬ್ಬಿತು.

ಸರಪಳಿಯ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಊರು ಇಂಗ್ಲೆಂಡಿನ ಕ್ರೇಡ್ಲಿ ಹೀತ್. ಅಲ್ಲಿ ಮನೆಯ ಹಿತ್ತಲ ಕುಲುಮೆಗಳಲ್ಲಿ ಹೆಂಗಸರು ಸರಪಳಿಯ ಕೊಂಡಿಗಳನ್ನು ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಕೂಸು ಪಕ್ಕದಲ್ಲಿ, ತಿದಿ ಎದುರಲ್ಲಿ. ತಾಸಿಗೆ ಎರಡೂವರೆ ಪೆನ್ನಿ ಕನಿಷ್ಠ ಕೂಲಿ ಗೊತ್ತಾದ ಮೇಲೂ ಮಾಲೀಕರು ಕೊಡದಿದ್ದಾಗ 1910ರಲ್ಲಿ ಕಾರ್ಮಿಕ ನಾಯಕಿ ಮೇರಿ ಮೆಕಾರ್ಥರ್ ಜೊತೆಗೂಡಿ ಹತ್ತು ವಾರ ಮುಷ್ಕರ ಮಾಡಿ ಗೆದ್ದರು. ಮುಷ್ಕರಕ್ಕೆ ಬಂದ ದೇಣಿಗೆಯಲ್ಲಿ ಉಳಿದ ಹಣದಿಂದ ಕಾರ್ಮಿಕರಿಗೊಂದು ಭವನ ಕಟ್ಟಿದರು. ಕೈಯಲ್ಲಿ ಬೆಸೆದ ಕೊಂಡಿಯ ಒಳಗಿನ ದೋಷ ಹೊರಗೆ ಕಾಣದು. ಹಡಗಿನ ಲಂಗರಿನ ಸರಪಳಿಯನ್ನು ಎಳೆದು ಪರೀಕ್ಷಿಸದೆ ಮಾರಬಾರದು ಅಂತ ಬ್ರಿಟನ್ 1864ರಲ್ಲೇ ಕಾನೂನು ಮಾಡಿತ್ತು.

ನಮ್ಮಲ್ಲೂ 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಸೆಕ್ಷನ್ ಭಾರ ಎತ್ತುವ ಸರಪಳಿಗಳನ್ನು 12 ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪೂರ್ತಿ ಪರೀಕ್ಷೆ ಮಾಡಿಸಬೇಕು ಅಂದಿತು. ಓಡುವ ಭಾಗಗಳಿಗೆ ಬೇಲಿ ಹಾಕಬೇಕು ಅಂತ 21ನೇ ಸೆಕ್ಷನ್ ಹೇಳಿತ್ತು. ಆದರೆ ಕಬ್ಬು, ಕಲ್ಲಿದ್ದಲು, ಬೂದಿ ಎಳೆಯುವ ಕನ್ವೇಯರ್ ಸರಪಳಿ ಎತ್ತುವ ಸರಪಳಿಯಲ್ಲ. ಅದರ ಪಿಚ್ಚನ್ನು ಯಾರು, ಯಾವಾಗ ಅಳೆಯಬೇಕು ಅನ್ನುವುದು ಬಹುಮಟ್ಟಿಗೆ ಆ ಕಾರ್ಖಾನೆಯ ರೂಢಿಗೆ ಬಿಟ್ಟದ್ದು. ರೂಢಿ ಉಳಿಯುವುದು ಮನುಷ್ಯರಿಂದ. ವರ್ಷ ವರ್ಷ ಗುತ್ತಿಗೆದಾರ ಬದಲಾಗುವ ಕಡೆ, ಹೋದ ಹಂಗಾಮಿನಲ್ಲಿ ಅಳೆದವನು ಈ ಹಂಗಾಮಿನಲ್ಲಿ ಇರದ ಕಡೆ, ಹಿಗ್ಗಿನ ಲೆಕ್ಕ ಇಡುವವರು ಯಾರು? ಹೊಸ ಗಣಿ ಕನ್ವೇಯರುಗಳಲ್ಲಿ ಬಿಗಿತವನ್ನು ತಾನೇ ಅಳೆದು ಸರಿಪಡಿಸುವ ವ್ಯವಸ್ಥೆ ಬಂದಿದೆ, ಒಳ್ಳೆಯದೇ. ನಮ್ಮ ಸಾವಿರಾರು ಹಳೆಯ ಕ್ಯಾರಿಯರುಗಳಿಗೆ ಬೇಕಾದದ್ದು ಒಂದು ಟೇಪು, ಒಂದು ನೋಟುಬುಕ್ಕು, ಅದನ್ನು ತೋರಿಸಿದಾಗ ನೋಡುವ ಒಬ್ಬ ಅಧಿಕಾರಿ.

ಅಪ್ಪನ ನೋಟುಬುಕ್ಕು ಕೆಂಪು ರಟ್ಟಿನದು. ಮಳೆಗಾಲದ ಓವರ್‌ಹಾಲಿಂಗಿನಲ್ಲಿ ಸರಪಳಿ ಇಳಿಸಿ, ಡೀಸೆಲ್ ತೊಟ್ಟಿಯಲ್ಲಿ ತೊಳೆದು, ಅಂಗಳದಲ್ಲಿ ಉದ್ದಕ್ಕೆ ಹಾಸುತ್ತಿದ್ದರು. ಅಪ್ಪ ಸಣ್ಣ ಸುತ್ತಿಗೆಯಿಂದ ಒಂದೊಂದೇ ಲಿಂಕು ತಟ್ಟುತ್ತ ಕಿವಿಗೊಡುತ್ತಿದ್ದ. ಸರಿಯಿದ್ದದ್ದು ಗುಡಿಯ ಗಂಟೆಯಂತೆ ಮಿಡಿಯುತ್ತಿತ್ತು, ಬಿರುಕು ಬಿಟ್ಟದ್ದು ಒಡೆದ ಗಡಿಗೆಯಂತೆ. ಅಂಥದ್ದಕ್ಕೆ ಸುಣ್ಣದ ಗೆರೆ. ಆಮೇಲೆ ಹತ್ತು ಹತ್ತು ಲಿಂಕು ಬಿಗಿ ಹಿಡಿದು ಅಳತೆ. 2,000 ಮಿಲಿಮೀಟರಿಗೆ ಹುಟ್ಟಿದ ಸರಪಳಿ 2,040 ಮುಟ್ಟಿದರೆ ಅಂಕಿಯ ಕೆಳಗೆ ಒಂದು ಗೆರೆ, 2,060 ದಾಟಿದರೆ ಎರಡು ಗೆರೆ. ಆ ಜನವರಿಗೆ ಮುಂಚಿನ ಪುಟದಲ್ಲಿ 2,063 ಅಂತಿದೆ. ಎರಡು ಗೆರೆಯನ್ನು ಪೆನ್ನು ಒತ್ತಿ ಎಳೆದಿದ್ದಾನೆ, ಕಾಗದ ಹರಿದಿದೆ.

ಕಳೆದ ವರ್ಷ ಬೇರೊಂದು ಕಾರ್ಖಾನೆಗೆ ಹೋಗಿದ್ದೆ. ಹಂಗಾಮು ಶುರುವಾಗಲು ಇನ್ನು ವಾರವಿತ್ತು. ಕ್ಯಾರಿಯರಿನ ಕೆಳಗೆ ಐಟಿಐ ಮುಗಿಸಿ ಬಂದ ಹುಡುಗನೊಬ್ಬ ಟೇಪು ಹಿಡಿದು ಒಬ್ಬನೇ ಒದ್ದಾಡುತ್ತಿದ್ದ. "ಕಾಕಾ, ಈ ತುದಿ ಸ್ವಲ್ಪ ಹಿಡೀತೀರೇನ್ರಿ?" ಅಂದ. ಮೊಣಕಾಲೂರಿ ಕೂತು ಟೇಪಿನ ಕೊಕ್ಕೆಯನ್ನು ಪಿನ್ನಿನ ನಡುವಿಗೆ ಒತ್ತಿ ಹಿಡಿದೆ. ಗ್ರೀಸಿನ ವಾಸನೆ, ಹೋದ ವರ್ಷದ ಕಬ್ಬಿನ ಹುಳಿ ವಾಸನೆ. ಹುಡುಗ ಹತ್ತು ಲಿಂಕು ಎಣಿಸಿ, ಟೇಪು ಬಿಗಿದು, ಟಾರ್ಚ್ ಬಿಟ್ಟು ಓದಿದ.

"ಎರಡ್ ಸಾವಿರದ ಇಪ್ಪತ್ತಾರು."

ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡು, "ಮುಂದಿನ ಹತ್ತಕ್ಕ ಬರ್ರಿ ಕಾಕಾ," ಅಂತ ಅತ್ತ ಸರಿದ.